ನಿಮಗಿದು ಗೊತ್ತೇ? ಹೋದ ಕರೆಂಟ್ ಮರಳಿ ಬರಲೇಬೇಕು!

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಮೇಗರವಳ್ಳಿ ಸಿಗುತ್ತದೆ. ಮಳೆ ಹಿಡಿಯಿತೆಂದರೆ ಈ ಕಡೆ ಮೊದಲು ಹೋಗುವುದು ಕರೆಂಟ್. ಮರ ಬಿತ್ತು, ಲೈನ್ ಹರಿಯಿತು, ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟಿತು ಎಂಬ ಮಾತುಗಳನ್ನು ಇಲ್ಲಿನ ಮಕ್ಕಳು ವಿಜ್ಞಾನದ ಪಾಠ ಕೇಳುವ ಮೊದಲೇ ಕೇಳಿರುತ್ತಾರೆ. ಆ ಮಾತುಗಳ ಹಿಂದಿರುವ ಪಾಠ ಇಲ್ಲಿದೆ. ಓದುತ್ತಾ ಹೋಗುವಾಗ ಒಂದು ಪ್ರಶ್ನೆಯನ್ನು ಮಾತ್ರ ಮರೆಯಬೇಡಿ: ಹೋದ ಕರೆಂಟ್ ಯಾವ ದಾರಿಯಲ್ಲಿ ಮರಳುತ್ತದೆ? ಈ ಒಂದು ಪ್ರಶ್ನೆ ಪರೀಕ್ಷೆಯಲ್ಲಿ ಅಂಕ ಕೊಡಿಸುತ್ತದೆ, ತೋಟದಲ್ಲಿ ಜೀವ ಉಳಿಸುತ್ತದೆ.

ಸುತ್ತು ಕೂಡಿದರೆ ಬೆಳಕು

1. ಟಾರ್ಚಿನ ಒಂದು ಶೆಲ್, ಒಂದು ಚಿಕ್ಕ ಬಲ್ಬ್, ಒಂದು ಗೇಣು ತಂತಿ. ಇಷ್ಟರಲ್ಲೇ ದೀಪ ಹಚ್ಚಬಹುದು, ಗೊತ್ತೇ? ಬಲ್ಬಿನ ತಳದ ಚುಕ್ಕೆಯನ್ನು ಶೆಲ್ಲಿನ ಮೇಲ್ತುದಿಗೆ ಒತ್ತಿ ಹಿಡಿಯಿರಿ. ತಂತಿಯ ಒಂದು ತುದಿಯನ್ನು ಶೆಲ್ಲಿನ ತಳಕ್ಕೂ ಇನ್ನೊಂದು ತುದಿಯನ್ನು ಬಲ್ಬಿನ ಲೋಹದ ಪಕ್ಕಕ್ಕೂ ತಾಗಿಸಿ. ಶೆಲ್ಲಿನಿಂದ ಹೊರಟು, ಬಲ್ಬಿನ ಒಳಗೆ ಹಾದು, ತಂತಿಯ ಮೂಲಕ ಮತ್ತೆ ಶೆಲ್ಲಿಗೆ ಬರುವ ಈ ಸುತ್ತಿಗೆ ಪಠ್ಯಪುಸ್ತಕದಲ್ಲಿ ವಿದ್ಯುತ್ ಮಂಡಲ ಎಂದು ಹೆಸರು. ಸುತ್ತು ಎಲ್ಲಿ ಕಡಿದರೂ ದೀಪ ಆರುತ್ತದೆ.

2. ಸ್ವಿಚ್ಚಿನ ಕೆಲಸ ಒಂದೇ, ಸುತ್ತನ್ನು ಕಡಿಯುವುದು ಮತ್ತು ಕೂಡಿಸುವುದು. ಸ್ವಿಚ್ ಆಫ್ ಆದಾಗ ಒಳಗಿನ ಎರಡು ಲೋಹದ ತುಂಡುಗಳ ನಡುವೆ ಕೆಲವು ಮಿಲಿಮೀಟರ್ ಗಾಳಿ ಬರುತ್ತದೆ. 230 ವೋಲ್ಟ್‌ಗೆ ಅಷ್ಟು ಗಾಳಿಯನ್ನು ದಾಟುವ ಶಕ್ತಿಯಿಲ್ಲ.

3. ಸ್ವಿಚ್ ಯಾವಾಗಲೂ ಕರೆಂಟ್ ತರುವ ಫೇಸ್ ತಂತಿಯಲ್ಲಿಯೇ ಇರಬೇಕು. ವೈರಿಂಗ್ ಮಾಡಿದವರು ತಪ್ಪಿ ಅದನ್ನು ಕರೆಂಟ್ ಮರಳುವ ನ್ಯೂಟ್ರಲ್ ತಂತಿಗೆ ಹಾಕಿದ್ದರೂ ದೀಪ ಹತ್ತುತ್ತದೆ, ಆರುತ್ತದೆ. ಆದರೆ ದೀಪ ಆರಿದ ಮೇಲೂ ಹೋಲ್ಡರಿನಲ್ಲಿ 230 ವೋಲ್ಟ್ ಹಾಗೆಯೇ ನಿಂತಿರುತ್ತದೆ. ಬಲ್ಬ್ ಬದಲಿಸಲು ಕೈಯಿಟ್ಟವರ ಮೈಯೇ ಆಗ ಮರಳುವ ದಾರಿಯಾಗುತ್ತದೆ.

4. ಹಳೆಯ ಸೈಕಲ್‌ನ ಡೈನಮೋದಿಂದ ದೀಪಕ್ಕೆ ಸಾಮಾನ್ಯವಾಗಿ ಒಂದೇ ತಂತಿ ಹೋಗಿರುತ್ತದೆ. ಎರಡನೆಯದು ಎಲ್ಲಿ? ಸೈಕಲ್ಲಿನ ಕಬ್ಬಿಣದ ಚೌಕಟ್ಟೇ ಎರಡನೆಯ ತಂತಿ. ಬೈಕ್, ಕಾರು, ಬಸ್ಸುಗಳಲ್ಲೂ ಹೆಚ್ಚಿನ ದೀಪಗಳ ಕರೆಂಟ್ ವಾಹನದ ಲೋಹದ ಮೈಯಲ್ಲೇ ಬ್ಯಾಟರಿಗೆ ಮರಳುತ್ತದೆ.

5. ಬಲ್ಬ್ ಕರೆಂಟನ್ನು ತಿಂದುಹಾಕುವುದಿಲ್ಲ. ಬಲ್ಬಿಗೆ ಮೊದಲು ಒಂದು, ಬಲ್ಬಾದ ಮೇಲೆ ಒಂದು ಆ್ಯಮ್ಮೀಟರ್ ಜೋಡಿಸಿ ನೋಡಿ. ಎರಡೂ ಒಂದೇ ಅಳತೆ ತೋರಿಸುತ್ತವೆ. ಒಳಗೆ ಹೋದಷ್ಟೂ ಹೊರಗೆ ಬರುತ್ತದೆ. ಬೆಳಕಾಗಿ, ಶಾಖವಾಗಿ ಖರ್ಚಾಗುವುದು ಶಕ್ತಿ.

6. ತಂತಿಯೊಳಗಿನ ಎಲೆಕ್ಟ್ರಾನ್‌ಗಳ ನಡಿಗೆ ಬಹಳ ನಿಧಾನ. ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯಲ್ಲಿ ಒಂದು ಆ್ಯಂಪಿಯರ್ ನೇರ ವಿದ್ಯುತ್ ಹರಿಯುವಾಗ ಅವು ಗಂಟೆಗೆ ಒಂದು ಗೇಣಿಗಿಂತ ತುಸು ಹೆಚ್ಚು ದೂರ ಸಾಗುತ್ತವೆ, ಅಷ್ಟೆ. ಹಾಗಿದ್ದರೆ ಸ್ವಿಚ್ ಒತ್ತಿದ ಕ್ಷಣವೇ ದೀಪ ಹತ್ತುವುದು ಹೇಗೆ? ತೋಟದ ಪೈಪಿನಲ್ಲಿ ಮೊದಲೇ ನೀರು ತುಂಬಿದ್ದರೆ ಇತ್ತ ವಾಲ್ವ್ ತಿರುಗಿಸಿದೊಡನೆ ಅತ್ತ ತುದಿಯಲ್ಲಿ ನೀರು ಚಿಮ್ಮುವ ಹಾಗೆ. ತಂತಿಯ ಉದ್ದಕ್ಕೂ ಎಲೆಕ್ಟ್ರಾನ್‌ಗಳು ಮೊದಲೇ ತುಂಬಿವೆ. ನೂಕು ಮಾತ್ರ ಬೆಳಕಿನ ವೇಗಕ್ಕೆ ಹತ್ತಿರದ ವೇಗದಲ್ಲಿ ಓಡುತ್ತದೆ.

7. ಚಿತ್ರದಲ್ಲಿ ಬಾಣದ ಗುರುತನ್ನು ಧನ ತುದಿಯಿಂದ ಋಣ ತುದಿಗೆ ಹಾಕುತ್ತೇವೆ. ಎಲೆಕ್ಟ್ರಾನ್‌ಗಳು ಸಾಗುವುದು ಅದಕ್ಕೆ ತಿರುವುಮುರುವಾಗಿ. ಧನ, ಋಣ ಎಂಬ ವಿಂಗಡಣೆಯನ್ನು ಬೆಂಜಮಿನ್ ಫ್ರಾಂಕ್ಲಿನ್ ಮಾಡಿದ್ದು 18ನೇ ಶತಮಾನದಲ್ಲಿ. ಜೆ.ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಕಂಡುಹಿಡಿದದ್ದು 1897ರಲ್ಲಿ. ಅಷ್ಟರೊಳಗೆ ಹಳೆಯ ಬಾಣ ಎಲ್ಲ ಪುಸ್ತಕಗಳಲ್ಲೂ ನೆಲೆಯೂರಿತ್ತು. ಲೆಕ್ಕಗಳಿಗೆ ಅದರಿಂದ ಏನೂ ತೊಂದರೆಯಿಲ್ಲ.

ಆ್ಯಂಪಿಯರ್, ವೋಲ್ಟ್, ಓಮ್

8. ತಂತಿಯ ಒಂದು ಜಾಗವನ್ನು ಒಂದು ಸೆಕೆಂಡಿನಲ್ಲಿ ಸುಮಾರು 62 ಸಾವಿರ ಕೋಟಿ ಕೋಟಿ ಎಲೆಕ್ಟ್ರಾನ್‌ಗಳು ದಾಟಿದರೆ ಅದು ಒಂದು ಆ್ಯಂಪಿಯರ್. ಹಳೆಯ 60 ವ್ಯಾಟ್ ಬಲ್ಬಿನಲ್ಲಿ ಹರಿಯುತ್ತಿದ್ದುದು ಇದರ ಕಾಲು ಭಾಗ.

9. ‘ತಂತಿಯಲ್ಲಿ 230 ವೋಲ್ಟ್ ಹರಿಯುತ್ತಿದೆ’ ಎನ್ನುವುದು ತಪ್ಪು. ಹರಿಯುವುದು ಆ್ಯಂಪಿಯರ್. ಎರಡು ಜಾಗಗಳ ನಡುವಿನ ವಿಭವಾಂತರದ ಅಳತೆ ವೋಲ್ಟ್. ಹಾಗಾಗಿ ವೋಲ್ಟ್‌ಮೀಟರಿನ ಎರಡು ಕಡ್ಡಿಗಳನ್ನೂ ಒಂದೇ ಬಿಂದುವಿಗೆ ತಾಗಿಸಿದರೆ ಸೊನ್ನೆ ಕಾಣುತ್ತದೆ. ಶೆಲ್ಲಿನ ಎರಡು ತುದಿಗಳ ನಡುವೆ 1.5, ಕಾರಿನ ಬ್ಯಾಟರಿಯಲ್ಲಿ 12, ಮನೆಯ ಫೇಸ್ ಮತ್ತು ನ್ಯೂಟ್ರಲ್ ನಡುವೆ 230.

10. 1827ರಲ್ಲಿ ಜರ್ಮನಿಯ ಶಾಲಾ ಮೇಷ್ಟ್ರು ಗಿಯೋರ್ಗ್ ಓಮ್ ಪ್ರಕಟಿಸಿದ ನಿಯಮ ಒಂದೇ ಸಾಲಿನದು: ವೋಲ್ಟ್ = ಆ್ಯಂಪಿಯರ್ × ಓಮ್. ವೋಲ್ಟ್ ಇಮ್ಮಡಿಯಾದರೆ ಕರೆಂಟ್ ಇಮ್ಮಡಿ. ಓಮ್‌ನಲ್ಲಿ ಅಳೆಯುವ ರೋಧ, ಅಂದರೆ ಕರೆಂಟಿಗೆ ಒಡ್ಡುವ ತಡೆ, ಇಮ್ಮಡಿಯಾದರೆ ಕರೆಂಟ್ ಅರ್ಧ. ಮುಂದೆ ಬರುವ ಫ್ಯೂಸ್, ಶಾಕ್, ಲೋ ವೋಲ್ಟೇಜ್ ಎಲ್ಲವೂ ಈ ಸಾಲಿನ ಮಕ್ಕಳೇ.

11. ತಂತಿ ಎರಡು ಪಟ್ಟು ಉದ್ದವಾದರೆ ರೋಧವೂ ಎರಡು ಪಟ್ಟು. ಅಡ್ಡಕೊಯ್ತದ ವಿಸ್ತೀರ್ಣ ಎರಡು ಪಟ್ಟಾದರೆ ರೋಧ ಅರ್ಧ. ಬಾವಿಯ ಪಂಪ್‌ಸೆಟ್ ದೂರವಿದ್ದಷ್ಟೂ ದಪ್ಪ ಕೇಬಲ್ ಬೇಕೆನ್ನುವುದು ಇದಕ್ಕೇ.

12. ಹಳೆಯ ಫಿಲಮೆಂಟ್ ಬಲ್ಬ್ ಹಾಳಾಗುತ್ತಿದ್ದುದು ಹೆಚ್ಚಾಗಿ ಸ್ವಿಚ್ ಹಾಕಿದ ಕ್ಷಣದಲ್ಲಿ. ತಣ್ಣಗಿರುವ ಟಂಗ್‌ಸ್ಟನ್ನಿನ ರೋಧ ಕಾದಾಗಿನ ರೋಧದ ಸುಮಾರು ಹತ್ತನೇ ಒಂದು ಭಾಗ ಮಾತ್ರ. ಹೀಗಾಗಿ ಮೊದಲ ಕ್ಷಣದಲ್ಲಿ ಸುಮಾರು ಹತ್ತು ಪಟ್ಟು ಕರೆಂಟ್ ನುಗ್ಗುತ್ತದೆ. ಸವೆದ ಎಳೆ ಆ ಹೊಡೆತಕ್ಕೆ ಕಡಿದುಹೋಗುತ್ತದೆ.

13. ಜಗತ್ತಿನ ಮೊದಲ ಬ್ಯಾಟರಿಯ ಹಿಂದೆ ಕಪ್ಪೆಯ ಕಾಲಿದೆ! ಇಟಲಿಯ ಗ್ಯಾಲ್ವಾನಿ, ಸತ್ತ ಕಪ್ಪೆಯ ಕಾಲಿಗೆ ಎರಡು ಬಗೆಯ ಲೋಹ ತಾಗಿಸಿದಾಗ ಅದು ಅದುರಿದ್ದನ್ನು ಕಂಡರು. ಕರೆಂಟ್ ಕಪ್ಪೆಯೊಳಗಿದೆ ಎಂದು ಅವರು ತಿಳಿದರು. ಇನ್ನೊಬ್ಬ ವಿಜ್ಞಾನಿ ವೋಲ್ಟಾ ಒಪ್ಪಲಿಲ್ಲ. ಎರಡು ಲೋಹ, ನಡುವೆ ಉಪ್ಪುನೀರಿನಲ್ಲಿ ನೆನೆಸಿದ ಬಟ್ಟೆ, ಹೀಗೆ ಒಂದರ ಮೇಲೊಂದು ಪೇರಿಸಿ ಕಪ್ಪೆಯಿಲ್ಲದೆಯೇ ಕರೆಂಟ್ ತೋರಿಸಿದರು. ಅದು 1800ನೇ ಇಸವಿ.

14. ಅದೇ ಪ್ರಯೋಗವನ್ನು ನಿಂಬೆಹಣ್ಣಿನಲ್ಲಿ ಮಾಡಬಹುದು. ಒಂದು ಹಣ್ಣಿಗೆ ಸತುವಿನ ಲೇಪವಿರುವ ಮೊಳೆ ಮತ್ತು ತಾಮ್ರದ ತಂತಿ ಚುಚ್ಚಿ, ಅವು ಒಂದಕ್ಕೊಂದು ತಾಗದಿರಲಿ. ಸುಮಾರು 0.9 ವೋಲ್ಟ್ ಸಿಗುತ್ತದೆ. ಮೂರು ಹಣ್ಣುಗಳನ್ನು ಸಾಲಾಗಿ ಜೋಡಿಸಿದರೆ ಕೆಂಪು ಎಲ್‌ಇಡಿ ಮಂದವಾಗಿ ಹತ್ತೀತು. ಎಲ್‌ಇಡಿಯಲ್ಲಿ ಕರೆಂಟ್ ಒಂದೇ ದಿಕ್ಕಿಗೆ ಹರಿಯುತ್ತದೆ. ಹತ್ತದಿದ್ದರೆ ಕಾಲುಗಳನ್ನು ಅದಲುಬದಲು ಮಾಡಿ ನೋಡಿ.

ಮನೆಯೊಳಗೆ

15. ಗಣಪತಿ ಪೆಂಡಾಲಿನ ಹಳೆಯ ಸೀರಿಯಲ್ ಸೆಟ್‌ನಲ್ಲಿ ಒಂದು ಬಲ್ಬ್ ಹೋದರೆ ಇಡೀ ಸಾಲು ಕತ್ತಲಾಗುತ್ತಿತ್ತು. ಅದು ಸರಣಿ ಜೋಡಣೆ, ಎಲ್ಲಕ್ಕೂ ಒಂದೇ ದಾರಿ. ಐವತ್ತು ಬಲ್ಬ್‌ಗಳು 230 ವೋಲ್ಟನ್ನು ಹಂಚಿಕೊಂಡರೆ ಒಂದೊಂದರ ಪಾಲು 4.6 ವೋಲ್ಟ್.

16. ಮನೆಯಲ್ಲಿ ಅಡುಗೆಮನೆಯ ದೀಪ ಆರಿಸಿದರೆ ಜಗಲಿಯ ದೀಪ ಆರುವುದಿಲ್ಲ. ಇದು ಸಮಾಂತರ ಜೋಡಣೆ. ಪ್ರತಿಯೊಂದು ಉಪಕರಣಕ್ಕೂ ಪೂರ್ತಿ 230 ವೋಲ್ಟ್, ಪ್ರತಿಯೊಂದಕ್ಕೂ ಬೇರೆಯದೇ ಹೋಗುವ ಬರುವ ದಾರಿ. ಆದರೆ ಒಂದೊಂದು ಉಪಕರಣ ಹಾಕಿದಾಗಲೂ ಮೀಟರ್ ಬೋರ್ಡಿನ ತಂತಿಯಲ್ಲಿ ಕರೆಂಟ್ ಏರುತ್ತದೆ.

17. ಬಿಲ್ಲಿನಲ್ಲಿ ಬರುವ ಒಂದು ಯೂನಿಟ್ ಎಂದರೆ 1000 ವ್ಯಾಟ್ ಉಪಕರಣ ಒಂದು ಗಂಟೆ ಬಳಸುವ ಶಕ್ತಿ, ಅಂದರೆ 36 ಲಕ್ಷ ಜೂಲ್. ಅದರಲ್ಲಿ 9 ವ್ಯಾಟ್‌ನ ಎಲ್‌ಇಡಿ ದೀಪ 111 ಗಂಟೆ ಉರಿಯುತ್ತದೆ. 1500 ವ್ಯಾಟ್‌ನ ವಾಟರ್ ಹೀಟರ್ ಅದನ್ನೇ 40 ನಿಮಿಷದಲ್ಲಿ ಮುಗಿಸುತ್ತದೆ.

18. ಶಾರ್ಟ್ ಸರ್ಕ್ಯೂಟ್ ಎಂದರೆ ಕರೆಂಟ್ ಉಪಕರಣವನ್ನು ಬಿಟ್ಟು ಅಡ್ಡದಾರಿಯಲ್ಲಿ ಮರಳುವುದು. ಫೇಸ್ ಮತ್ತು ನ್ಯೂಟ್ರಲ್ ನೇರವಾಗಿ ತಾಗಿ ರೋಧ ಅರ್ಧ ಓಮ್‌ಗೆ ಇಳಿಯಿತು ಎನ್ನಿ. 230 ಅನ್ನು 0.5ರಿಂದ ಭಾಗಿಸಿ: 460 ಆ್ಯಂಪಿಯರ್! ಗೋಡೆಯೊಳಗಿನ ತಂತಿ ಬೆಂಕಿಯಾಗುವ ಮೊದಲು ತಾನು ಕರಗಿ ಸುತ್ತನ್ನು ಕಡಿಯುವುದಕ್ಕೆಂದೇ ಫ್ಯೂಸ್ ಇದೆ. ಫ್ಯೂಸ್ ಹೋಯಿತೆಂದು ಅದರ ಜಾಗಕ್ಕೆ ದಪ್ಪ ತಾಮ್ರದ ತಂತಿ ಸುತ್ತಿದರೆ ಆ ಕಾವಲನ್ನೇ ತೆಗೆದುಹಾಕಿದಂತೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

19. ಮೂರು ಪಿನ್ನಿನ ಪ್ಲಗ್‌ನಲ್ಲಿ ಮೇಲಿನ ಪಿನ್ ಉದ್ದವೂ ಹೌದು, ದಪ್ಪವೂ ಹೌದು. ಅದು ಅರ್ತಿಂಗ್. ಉದ್ದವಿರುವುದರಿಂದ ಪ್ಲಗ್ ಚುಚ್ಚುವಾಗ ಎಲ್ಲಕ್ಕಿಂತ ಮೊದಲು ತಾಗುತ್ತದೆ, ತೆಗೆಯುವಾಗ ಎಲ್ಲಕ್ಕಿಂತ ಕೊನೆಗೆ ಬಿಡುತ್ತದೆ. ಮಿಕ್ಸಿಯ ಅಥವಾ ಇಸ್ತ್ರಿ ಪೆಟ್ಟಿಗೆಯ ಲೋಹದ ಮೈಗೆ ಫೇಸ್ ತಾಗಿಬಿಟ್ಟರೆ ಕರೆಂಟಿಗೆ ನಿಮ್ಮ ಮೈಗಿಂತ ಸುಲಭವಾದ ದಾರಿಯನ್ನು ಈ ಪಿನ್ ತೋರಿಸುತ್ತದೆ.

20. ಆ ಪಿನ್ನಿನ ತಂತಿ ನೆಲ ಸೇರುವ ಅರ್ತಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುವುದನ್ನು ನೋಡಿದ್ದೀರಾ? ಒಣಮಣ್ಣಿನ ರೋಧ ಹೆಚ್ಚು. ಗುಂಡಿಯಲ್ಲಿ ತುಂಬಿದ ಇದ್ದಿಲು ತೇವ ಹಿಡಿದಿಡುತ್ತದೆ, ಉಪ್ಪು ಆ ತೇವದಲ್ಲಿ ಕರಗಿ ಕರೆಂಟಿಗೆ ದಾರಿ ಮಾಡಿಕೊಡುತ್ತದೆ. ಆರು ತಿಂಗಳು ಮಳೆ ಕಾಣುವ ಊರಿನಲ್ಲೂ ಮಾರ್ಚ್, ಏಪ್ರಿಲ್‌ನಲ್ಲಿ ಗುಂಡಿ ಒಣಗದಂತೆ ನೋಡಿಕೊಳ್ಳಬೇಕು.

21. ಎಲೆಕ್ಟ್ರಿಷಿಯನ್ನರ ಟೆಸ್ಟರ್ ಉರಿಯುವಾಗ ಸುತ್ತು ಕೂಡುವುದು ಅವರ ಮೈಯ ಮೂಲಕವೇ. ಆದರೂ ಶಾಕ್ ಹೊಡೆಯುವುದಿಲ್ಲ. ಟೆಸ್ಟರಿನ ಒಳಗೆ ಸುಮಾರು ಹತ್ತು ಲಕ್ಷ ಓಮ್ ರೋಧಕವಿರುತ್ತದೆ. ಹರಿಯುವುದು ಕಾಲು ಮಿಲಿಆ್ಯಂಪಿಯರ್‌ಗೂ ಕಡಿಮೆ. ನಿಯಾನ್ ಬುಡ್ಡಿ ಮಿನುಗಲು ಅಷ್ಟು ಸಾಕು.

22. ಆರ್‌ಸಿಸಿಬಿ ಎಂಬ ಸ್ವಿಚ್ ಸದಾ ಒಂದೇ ಲೆಕ್ಕ ಮಾಡುತ್ತಿರುತ್ತದೆ: ಫೇಸ್‌ನಲ್ಲಿ ಹೋದಷ್ಟೇ ಕರೆಂಟ್ ನ್ಯೂಟ್ರಲ್‌ನಲ್ಲಿ ಬಂತೇ? ಕಡಿಮೆ ಬಂದರೆ ಉಳಿದದ್ದು ಯಾವುದೋ ಗೋಡೆಯ ತೇವದಲ್ಲಿ, ಇಲ್ಲವೇ ಯಾರದೋ ಮೈಯಲ್ಲಿ ನೆಲಕ್ಕೆ ಹೋಗುತ್ತಿದೆ ಎಂದರ್ಥ. ಮನೆಗಳಿಗೆ ಹಾಕುವ ಸಾಧನದಲ್ಲಿ ಈ ವ್ಯತ್ಯಾಸ 30 ಮಿಲಿಆ್ಯಂಪಿಯರ್ ಮುಟ್ಟಿದರೆ ಸಾಕು, ಕಣ್ಣು ಮಿಟುಕಿಸುವುದರೊಳಗೆ ಅದು ಸುತ್ತನ್ನು ಕಡಿಯುತ್ತದೆ. ಫ್ಯೂಸ್ ಮನೆಯನ್ನು ಬೆಂಕಿಯಿಂದ ಕಾಯುತ್ತದೆ, ಆರ್‌ಸಿಸಿಬಿ ಮನುಷ್ಯರನ್ನು ಶಾಕ್‌ನಿಂದ ಕಾಯುತ್ತದೆ. ಗೋಡೆಗಳೇ ನೀರು ಕುಡಿಯುವ ಮಲೆನಾಡಿನಲ್ಲಿ ಇದು ಪ್ರತಿ ಮನೆಯಲ್ಲೂ ಇರಲೇಬೇಕು.

ಕಂಬ, ತಂತಿ, ಟಿಸಿ

23. ಮನೆಗೆ ಬೇಕಾದದ್ದು 230 ವೋಲ್ಟ್, ರಸ್ತೆಬದಿಯ ಲೈನಿನಲ್ಲಿ 11,000 ವೋಲ್ಟ್ ಯಾಕೆ? 23 ಕಿಲೋವ್ಯಾಟ್ ಕಳಿಸಲು 230 ವೋಲ್ಟ್‌ನಲ್ಲಿ 100 ಆ್ಯಂಪಿಯರ್ ಬೇಕು. 11,000 ವೋಲ್ಟ್‌ನಲ್ಲಿ ಸುಮಾರು 2 ಆ್ಯಂಪಿಯರ್ ಸಾಕು. ತಂತಿಯಲ್ಲಿ ವ್ಯರ್ಥವಾಗುವ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂದು 1841ರಲ್ಲಿ ಜೂಲ್ ಎಂಬ ವಿಜ್ಞಾನಿ ತೋರಿಸಿದ್ದರು. ಕರೆಂಟ್ ಸುಮಾರು 48 ಪಟ್ಟು ಇಳಿದರೆ ನಷ್ಟ ಸುಮಾರು 2,300 ಪಟ್ಟು ಇಳಿಯುತ್ತದೆ.

24. ಟಿಸಿಯೊಳಗೆ ಎರಡು ಸುರುಳಿಗಳಿವೆ. ಒಂದಕ್ಕೆ 11,000 ವೋಲ್ಟ್ ಬರುತ್ತದೆ, ಇನ್ನೊಂದರಿಂದ ಊರಿಗೆ ಕರೆಂಟ್ ಹೋಗುತ್ತದೆ. ಒಂದು ಸುರುಳಿಯಿಂದ ಇನ್ನೊಂದಕ್ಕೆ ತಂತಿಯ ಸಂಪರ್ಕವೇ ಇಲ್ಲ! ಬದಲಾಗುತ್ತಿರುವ ಕಾಂತಕ್ಷೇತ್ರವೇ ಶಕ್ತಿಯನ್ನು ದಾಟಿಸುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ತತ್ತ್ವ ಇದು. ಟಿಸಿ ಪರ್ಯಾಯ ವಿದ್ಯುತ್ತಿನಲ್ಲಿ ಮಾತ್ರ ಕೆಲಸ ಮಾಡುವುದಕ್ಕೂ ಇದೇ ಕಾರಣ.

25. ಮನೆಗೆ ಬರುವುದು ಪರ್ಯಾಯ ವಿದ್ಯುತ್. ಅದು ಸೆಕೆಂಡಿಗೆ 100 ಬಾರಿ ದಿಕ್ಕು ಬದಲಿಸುತ್ತದೆ, ಅಂದರೆ 50 ಹರ್ಟ್ಸ್. 2013ರ ಡಿಸೆಂಬರ್ 31ರಂದು ನಮ್ಮ ರಾಯಚೂರಿನಿಂದ ಸೊಲ್ಲಾಪುರಕ್ಕೆ 765 ಕಿಲೋವೋಲ್ಟ್ ಲೈನ್ ಕೂಡಿತು. ಅಂದಿನಿಂದ ದಕ್ಷಿಣದ ಜಾಲವೂ ದೇಶದ ಉಳಿದ ಜಾಲವೂ ಒಂದೇ ತಾಳಕ್ಕೆ ಬಂದವು. ಮೇಗರವಳ್ಳಿಯ ಫ್ಯಾನ್‌ಗೂ ದಿಲ್ಲಿಯ ಫ್ಯಾನ್‌ಗೂ ಈಗ ಒಂದೇ ಆವರ್ತನ.

26. ಕಂಬದ ತಂತಿಗಳು ಅಲ್ಯೂಮಿನಿಯಮ್‌ನವು. ಅಷ್ಟೇ ರೋಧದ ತಾಮ್ರದ ತಂತಿಗಿಂತ ಅವು ಸುಮಾರು ಅರ್ಧ ತೂಕ. ಬಹುಪಾಲು ಲೈನುಗಳಿಗೆ ಹೊದಿಕೆಯೇ ಇಲ್ಲ, ಸುತ್ತಲಿನ ಗಾಳಿಯೇ ಅವಾಹಕ.

27. ಪಿಂಗಾಣಿ ಇನ್ಸುಲೇಟರಿನ ಮೈಯಲ್ಲಿ ಮಡಿಕೆ ಮಡಿಕೆಯಾದ ಅಂಚುಗಳಿರುವುದು ಅಂದಕ್ಕಲ್ಲ. ಮಳೆ ಹೊಡೆದರೂ ಅಂಚಿನ ಕೆಳಭಾಗ ಒಣಗಿರಲಿ, ತಂತಿಯಿಂದ ಕಂಬಕ್ಕೆ ನೀರಿನ ದಾರಿ ಕೂಡದಿರಲಿ ಎಂದು. ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ನೆರೆಯಲ್ಲಿ ಈ ಅಂಚುಗಳಿಗೆ ಬಿಡುವಿಲ್ಲದ ದುಡಿಮೆ.

28. ಟಿಸಿಯಿಂದ ದೂರವಿರುವ ಒಂಟಿಮನೆಗೆ ಸಂಜೆ 160 ವೋಲ್ಟ್ ಮಾತ್ರ ತಲುಪಿದರೆ ಹೀಟರಿನ ಶಾಖ ಅರ್ಧಕ್ಕೂ ಕೆಳಗಿಳಿಯುತ್ತದೆ. ನೀರೆತ್ತುತ್ತಿರುವ ಮೋಟಾರ್ ಮಾತ್ರ ಕಡಿಮೆ ವೋಲ್ಟ್‌ನಲ್ಲಿ ಹೆಚ್ಚು ಕರೆಂಟ್ ಎಳೆಯುತ್ತದೆ. ಕಾಯಿಲ್ ಸುಟ್ಟುಹೋಗುವುದು ಹೀಗೆ.

29. ಒಂದೇ ತಂತಿಯ ಮೇಲೆ ಕುಳಿತ ಕಾಜಾಣಕ್ಕೆ ಏನೂ ಆಗುವುದಿಲ್ಲ. ಅದರ ಎರಡು ಕಾಲುಗಳ ನಡುವೆ ಹೇಳಿಕೊಳ್ಳುವಷ್ಟು ವಿಭವಾಂತರವಿಲ್ಲ. ರೆಕ್ಕೆ ಬಿಚ್ಚಿದ ದೊಡ್ಡ ಬಾವಲಿ ಎರಡು ತಂತಿಗಳನ್ನು ಒಟ್ಟಿಗೆ ಮುಟ್ಟಿದರೆ ಸುತ್ತು ಕೂಡುತ್ತದೆ, ಅದು ಅಲ್ಲಿಯೇ ಸಾಯುತ್ತದೆ.

ನಮ್ಮ ನೀರು, ನಾಡಿನ ಬೆಳಕು

30. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿ ನಡೆಯುವುದು ಮೇಗರವಳ್ಳಿಯ ಸುತ್ತಮುತ್ತ, 19ನೇ ಶತಮಾನದ ಕೊನೆಯಲ್ಲಿ. ವಿವೇಕಾನಂದರ ಶಿಕಾಗೊ ಪ್ರಸಂಗವೂ ಅದರಲ್ಲಿ ಬರುತ್ತದೆ. 1893ರ ಆ ಸರ್ವಧರ್ಮ ಸಮ್ಮೇಳನ ಶಿಕಾಗೊ ವಿಶ್ವಮೇಳದ ಅಂಗವಾಗಿ ನಡೆದದ್ದು. ಅದೇ ಮೇಳವನ್ನು ವೆಸ್ಟಿಂಗ್‌ಹೌಸ್ ಕಂಪನಿ ಪರ್ಯಾಯ ವಿದ್ಯುತ್ತಿನ ದೀಪಗಳಿಂದ ಬೆಳಗಿಸಿ ಜಗತ್ತಿಗೆ ಹೊಸ ದಾರಿ ತೋರಿಸಿತ್ತು. ಈಗ ನಿಮ್ಮ ಮನೆಗೆ ಬರುವುದೂ ಅದೇ ಬಗೆಯ ವಿದ್ಯುತ್.

31. ಅದಾಗಿ ಒಂಬತ್ತೇ ವರ್ಷಕ್ಕೆ, 1902ರಲ್ಲಿ, ಮೈಸೂರು ಸಂಸ್ಥಾನದ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ತಯಾರಾದ ವಿದ್ಯುತ್ ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಹತ್ತಿತು.

32. ಸಾಗರ ತಾಲ್ಲೂಕಿನ ಜೋಗದಲ್ಲಿ 1948ರಲ್ಲಿ ಶುರುವಾದ ವಿದ್ಯುದಾಗಾರಕ್ಕೆ ಮಹಾತ್ಮ ಗಾಂಧಿಯವರ ಹೆಸರಿದೆ. ಅದಕ್ಕೆ ನೀರು ಕೊಡಲು ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು ಆಮೇಲೆ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿತು. ಲಿಂಗನಮಕ್ಕಿಯ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಹತ್ತು ಘಟಕಗಳ ಸಾಮರ್ಥ್ಯ 1,035 ಮೆಗಾವ್ಯಾಟ್.

33. ಈ ಬೆಳಕಿಗೆ ಬೆಲೆ ತೆತ್ತವರು ನಮ್ಮವರೇ. ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಊರು, ಗದ್ದೆ, ತೋಟಗಳು ಶರಾವತಿಯ ಹಿನ್ನೀರಿನಲ್ಲಿ ಮುಳುಗಿದವು. ಎದ್ದು ಹೋದ ಅನೇಕ ಕುಟುಂಬಗಳು ಹೊಸ ಜಾಗದಲ್ಲಿ ದಶಕಗಳ ಕಾಲ ಚಿಮಣಿ ಬುಡ್ಡಿಯಲ್ಲೇ ಬದುಕಿದವು. ಕರೆಂಟಿನ ಪಾಠ ಓದುವ ಪ್ರತಿ ಮಗುವಿಗೂ ಇದು ತಿಳಿದಿರಬೇಕು.

34. ಹೊಸನಗರ ತಾಲ್ಲೂಕಿನ ಯಡೂರಿನ ಬಳಿ ವಾರಾಹಿ ನದಿಗೆ ಮಾಣಿ ಅಣೆಕಟ್ಟು ಕಟ್ಟಿದ್ದಾರೆ. ಅಲ್ಲಿನ ನೀರು ಸುರಂಗದಲ್ಲಿ ಘಟ್ಟ ಇಳಿದು ಕುಂದಾಪುರ ಕಡೆಯ ಹೊಸಂಗಡಿಗೆ ಹೋಗುತ್ತದೆ. ಅಲ್ಲಿ ನೆಲದೊಳಗೇ ಇರುವ ವಿದ್ಯುದಾಗಾರದಲ್ಲಿ 115 ಮೆಗಾವ್ಯಾಟ್‌ನ ನಾಲ್ಕು ಘಟಕಗಳಿವೆ, ಒಟ್ಟು 460 ಮೆಗಾವ್ಯಾಟ್.

35. ಮನೆ ಹಿಂದಿನ ಅಬ್ಬಿಯಿಂದಲೂ ಕರೆಂಟ್ ತೆಗೆಯಬಹುದು! ಲೈನ್ ತಲುಪದ ಮಲೆನಾಡಿನ ಒಂಟಿಮನೆಗಳವರು ಗುಡ್ಡದ ನೀರನ್ನು ಪೈಪಿನಲ್ಲಿ ಇಳಿಸಿ ಚಿಕ್ಕ ಟರ್ಬೈನ್ ತಿರುಗಿಸಿ ದೀಪ ಹಚ್ಚಿಕೊಂಡಿದ್ದಾರೆ. ಲೆಕ್ಕ ಸುಲಭ. ಸೆಕೆಂಡಿಗೆ 5 ಲೀಟರ್ ನೀರು 20 ಮೀಟರ್ ಬಿದ್ದರೆ ಸುಮಾರು 980 ವ್ಯಾಟ್. ಅರ್ಧ ನಷ್ಟವಾದರೂ 9 ವ್ಯಾಟ್‌ನ ಐವತ್ತು ದೀಪ ಉರಿಯುತ್ತವೆ.

ಜೋಪಾನ

36. ಮೈಯಲ್ಲಿ ಒಂದು ಮಿಲಿಆ್ಯಂಪಿಯರ್ ಹರಿದರೆ ಜುಮ್ಮೆನ್ನುತ್ತದೆ. ಹತ್ತಿಪ್ಪತ್ತು ಹರಿದರೆ ಸ್ನಾಯು ಬಿಗಿದು, ಹಿಡಿದ ತಂತಿಯನ್ನು ಬಿಡಲು ಆಗುವುದಿಲ್ಲ. ನೂರರ ಹತ್ತಿರ ಬಂದರೆ ಹೃದಯದ ಬಡಿತ ಕೆಟ್ಟು ಜೀವ ಹೋಗಬಹುದು. ಒಣಗಿದ ಚರ್ಮದ ರೋಧ ಒಂದು ಲಕ್ಷ ಓಮ್‌ವರೆಗೂ ಇರಬಹುದು. ಒದ್ದೆಯಾದರೆ ಸಾವಿರ ಓಮ್‌ಗೆ ಇಳಿಯುತ್ತದೆ. 230 ಅನ್ನು ಸಾವಿರದಿಂದ ಭಾಗಿಸಿದರೆ 230 ಮಿಲಿಆ್ಯಂಪಿಯರ್. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬೇಡಿ ಎಂದು ಅಮ್ಮ ಹೇಳುವುದು ಓಮ್ ನಿಯಮದ ಮಾತೇ.

37. ಅಡಿಕೆ ಕೊಯ್ಲಿಗೂ ಬೋರ್ಡೋ ಸಿಂಪಡಣೆಗೂ ಬಳಸುವ ಅಲ್ಯೂಮಿನಿಯಮ್ ದೋಟಿ ಒಳ್ಳೆಯ ವಾಹಕ. ಕಾರ್ಬನ್ ಫೈಬರ್ ದೋಟಿಯೂ ವಾಹಕವೇ! ಅದು ಲೋಹವಲ್ಲವೆಂದು ನಂಬಿ ಲೈನಿನ ಹತ್ತಿರ ಎತ್ತಬಾರದು. ಹಸಿ ಬಿದಿರೂ ಸುರಕ್ಷಿತವಲ್ಲ. ತೋಟದ ಮೇಲೆ ಲೈನ್ ಹಾದಿದ್ದರೆ ದೋಟಿ ಎತ್ತುವ ಮೊದಲು ತಲೆಯೆತ್ತಿ ನೋಡಬೇಕು. ಈ ಒಂದು ಮಾತನ್ನು ಇವತ್ತೇ ಮನೆಯಲ್ಲಿ ಓದಿ ಹೇಳಿ.

38. ಹರಿದು ಬಿದ್ದ ತಂತಿಯ ಸುತ್ತಲಿನ ಒದ್ದೆ ನೆಲದಲ್ಲಿ ಹೆಜ್ಜೆ ಹೆಜ್ಜೆಗೂ ವೋಲ್ಟ್ ಬದಲಾಗುತ್ತದೆ. ಹಸುವಿನ ಮುಂಗಾಲು, ಹಿಂಗಾಲುಗಳ ನಡುವೆ ಅಂತರ ಹೆಚ್ಚು, ಹೃದಯ ಇರುವುದೂ ಆ ದಾರಿಯಲ್ಲೇ. ಮೇಯಲು ಹೋದ ದನಗಳು ತಂತಿ ಮುಟ್ಟದೆಯೂ ಸಾಯುವುದಕ್ಕೆ ಇದೇ ಕಾರಣ. ಕನಿಷ್ಠ ಹತ್ತು ಮೀಟರ್ ದೂರ ನಿಲ್ಲಿ. ಗೊತ್ತಿಲ್ಲದೆ ಹತ್ತಿರ ಹೋಗಿದ್ದರೆ ಎರಡೂ ಪಾದಗಳನ್ನು ಜೋಡಿಸಿಕೊಂಡು, ನೆಲ ಬಿಡದೆ, ಸಣ್ಣ ಸಣ್ಣದಾಗಿ ಸರಿಸುತ್ತಾ ಹಿಂದೆ ಬನ್ನಿ. ಆಮೇಲೆ ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿಸಿ.

39. ಸೋಲಾರ್ ಬೇಲಿಯಲ್ಲಿ ಕೆಲವು ಸಾವಿರ ವೋಲ್ಟ್ ಇದ್ದರೂ ಅದು ಸಾಮಾನ್ಯವಾಗಿ ಕೊಲ್ಲುವುದಿಲ್ಲ. ಸುಮಾರು ಸೆಕೆಂಡಿಗೊಮ್ಮೆ, ಅದೂ ಸೆಕೆಂಡಿನ ಸಾವಿರದ ಕೆಲವೇ ಭಾಗದಷ್ಟು ಹೊತ್ತು ಮಾತ್ರ ಕರೆಂಟ್ ಬರುತ್ತದೆ. ಮುಟ್ಟಿದ ಹಂದಿ ಬೆಚ್ಚಿ ಓಡುತ್ತದೆ. ಕಂಬದ ಲೈನಿನಿಂದ ನೇರವಾಗಿ ಬೇಲಿಗೆ ಕರೆಂಟ್ ಕೊಡುವುದು ಅಪರಾಧ. ಅದು ಹಂದಿಯನ್ನೂ ಕೊಲ್ಲುತ್ತದೆ, ಆನೆಯನ್ನೂ ಕೊಲ್ಲುತ್ತದೆ, ಕೊಲ್ಲುವ ಮೊದಲು ಮನುಷ್ಯರನ್ನು ಗುರುತಿಸುವುದಿಲ್ಲ.

40. ಸಿಡಿಲಿನಲ್ಲಿ ಸಾಮಾನ್ಯವಾಗಿ 30,000 ಆ್ಯಂಪಿಯರ್‌ನಷ್ಟು ಕರೆಂಟ್ ಹರಿಯುತ್ತದೆ. ಅದು ಹಾದ ಗಾಳಿ ಸೂರ್ಯನ ಮೇಲ್ಮೈಗಿಂತ ಹಲವು ಪಟ್ಟು ಕಾಯುತ್ತದೆ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಸೆಕೆಂಡುಗಳನ್ನು ಎಣಿಸಿ ಮೂರರಿಂದ ಭಾಗಿಸಿದರೆ ಕಿಲೋಮೀಟರ್ ಲೆಕ್ಕದಲ್ಲಿ ದೂರ ಸಿಗುತ್ತದೆ. ಗುಡುಗು ಕೇಳುವಷ್ಟು ಹತ್ತಿರವಿದ್ದರೆ ಮರದಡಿ ನಿಲ್ಲದೆ ಮನೆ ಸೇರಿ. ಟಿವಿಯ ಪ್ಲಗ್ಗನ್ನು ಮಳೆಗೆ ಮೊದಲೇ ಕಿತ್ತಿಡಿ. ಸ್ವಿಚ್ಚಿನ ಕೆಲವು ಮಿಲಿಮೀಟರ್ ಗಾಳಿ ಸಿಡಿಲಿಗೆ ತಡೆಯಲ್ಲ.

41. ಯಾರಿಗಾದರೂ ಕರೆಂಟ್ ಹಿಡಿದಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ, ಸುತ್ತಿನಲ್ಲಿ ನೀವೂ ಸೇರಿಬಿಡುತ್ತೀರಿ. ಮೊದಲು ಮೇನ್ ಸ್ವಿಚ್ ಆರಿಸಿ. ಮನೆಯ ವೈರಿಂಗ್ ಆಗಿದ್ದು, ಮೇನ್ ಕೈಗೆ ಸಿಗದಿದ್ದರೆ ದೊಡ್ಡವರು ಒಣ ಮರದ ಹಲಗೆಯ ಮೇಲೆ ನಿಂತು ಒಣ ಕೋಲಿನಿಂದ ತಂತಿ ಸರಿಸಬಹುದು. 11,000 ವೋಲ್ಟ್ ಲೈನಿಗೆ ಒಣಕೋಲೂ ಸಾಲದು, ಸರಬರಾಜು ನಿಲ್ಲಿಸಿಯೇ ಹತ್ತಿರ ಹೋಗಬೇಕು. ಆಂಬ್ಯುಲೆನ್ಸ್‌ಗೆ 108.

ಮಾಡಿ ನೋಡಿ

42. ಒಂದು ಬಲ್ಬ್, ಎರಡು ಶೆಲ್, ಮೂರು ತುಂಡು ತಂತಿ ಜೋಡಿಸಿ, ನಡುವೆ ಒಂದು ಜಾಗ ಖಾಲಿ ಬಿಡಿ. ಅಲ್ಲಿ ಕೀಲಿಕೈ, ಪೆನ್ಸಿಲ್ ಸೀಸ, ಅಡಿಕೆ ಹಾಳೆ, ರಬ್ಬರ್, ನಾಣ್ಯ ಇಟ್ಟು ನೋಡಿ ವಾಹಕ, ಅವಾಹಕಗಳ ಪಟ್ಟಿ ಬರೆಯಿರಿ. ಪ್ರಯೋಗಗಳೆಲ್ಲ ಶೆಲ್ಲಿನಲ್ಲೇ ಇರಲಿ. ಗೋಡೆಯ ಪ್ಲಗ್ ಪಾಯಿಂಟಿಗೆ ಎಂದೂ ಏನನ್ನೂ ಚುಚ್ಚಬೇಡಿ.

43. ಕೊನೆಯದಾಗಿ ಒಂದು ಮನೆಗೆಲಸ. ಯಾವುದನ್ನೂ ಮುಟ್ಟದೆ, ಕಣ್ಣಿನಿಂದ ನೋಡಿಯೇ ನಿಮ್ಮ ಮನೆಯ ಮಂಡಲದ ನಕ್ಷೆ ಬರೆಯಿರಿ. ಕಂಬದಿಂದ ಬಂದ ತಂತಿ, ಮೀಟರ್, ಫ್ಯೂಸ್ ಅಥವಾ ಅದರ ಕೆಲಸ ಮಾಡುವ ಎಂಸಿಬಿ, ಸ್ವಿಚ್ಚುಗಳು, ದೀಪಗಳು, ಅರ್ತಿಂಗ್ ಗುಂಡಿ, ಎಲ್ಲವೂ ಅದರಲ್ಲಿರಲಿ. ಹೋಗುವ ದಾರಿಗೆ ಕೆಂಪು, ಮರಳುವ ದಾರಿಗೆ ಕಪ್ಪು, ಅರ್ತಿಂಗ್‌ಗೆ ಹಸಿರು ಬಣ್ಣ ಬಳಸಿ. ಆರ್‌ಸಿಸಿಬಿ ಕಾಣದಿದ್ದರೆ ಅದರ ಜಾಗವನ್ನು ಖಾಲಿ ಬಿಟ್ಟು ಅಪ್ಪ ಅಮ್ಮನಿಗೆ ತೋರಿಸಿ. ಮುಂದಿನ ಮಳೆಗಾಲ ಶುರುವಾಗುವುದರೊಳಗೆ ಆ ಜಾಗ ತುಂಬಿದರೆ ನೀವು ಈ ಪಾಠವನ್ನು ಪೂರ್ತಿ ಕಲಿತಂತೆ.